ಫರ್ಹಾನಾ ಮುಟ್ಟದ ಚಹಾ

ಇಕ್ರಾಮ್ ಮಾತು ಬಿಟ್ಟು ಒಂಬತ್ತು ದಿನವಾಗಿತ್ತು.

ಮೊದಲೆರಡು ದಿನ ಯಾರೂ ಗಮನಿಸಲಿಲ್ಲ. ಆರು ಅಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ ನಾಲ್ವರು ಬದುಕುವಾಗ ಒಬ್ಬರು ಸುಮ್ಮನಾದರೆ ಉಳಿದವರಿಗೆ ಒಂದಿಷ್ಟು ಜಾಗ ಸಿಕ್ಕ ಹಾಗಾಗುತ್ತದೆ. ಮೂರನೆಯ ದಿನ ತಾಯಿ ನಜಿಯ್ಯಾ ಬೇಳೆ ಆರಿಸುತ್ತ "ಉಪ್ಪು ಐತೇನ ನೋಡವಾ" ಅಂದಾಗ, ಹನ್ನೆರಡು ವರ್ಷದ ಹುಡುಗಿ ಇಕ್ರಾಮ್ ಎದ್ದು ಡಬ್ಬಿ ತಂದಿಟ್ಟು, ಮುಚ್ಚಳ ತೆಗೆದು ತೋರಿಸಿ, ಹೋಗಿ ಗೋಡೆಗೆ ಒರಗಿ ಕೂತಳು. ಅಲ್ಲಿಂದ ನಜಿಯ್ಯಾ ನಿಗಾ ಇಟ್ಟಳು. ಹೌದು ಅನ್ನುವುದಕ್ಕೂ ತಲೆ, ಇಲ್ಲ ಅನ್ನುವುದಕ್ಕೂ ತಲೆ, ಹಸಿವಾದರೆ ತಟ್ಟೆ ತೆಗೆದುಕೊಂಡು ಬಂದು ನಿಲ್ಲುವುದು.

"ಗಂಟಲ ನೋವೈತೇನ?"

ತಲೆ ಇಲ್ಲವೆಂದಿತು.

"ಸಾಲ್ಯಾಗ ಯಾರರ ಬೈದ್ರೇನ?"

ತಲೆ ಅದಕ್ಕೂ ಇಲ್ಲವೆಂದಿತು, ಆದರೆ ಸ್ವಲ್ಪ ತಡವಾಗಿ.

"ಬಿಡ, ಆ ವಯಸ್ಸಿಗೆ ಹೆಣ್ಮಕ್ಕಳು ಹಂಗ," ಅಂದ ತಂದೆ ಬಖೀತ್. ಅಲೆಕ್ಸಾಂಡ್ರಿಯಾದ ಈ ಕಟ್ಟಡದ ಬಾಗಿಲು ಕಾಯತೊಡಗಿ ಅವನಿಗೆ ಹದಿನಾಲ್ಕು ವರ್ಷ. ಮನೆಗಳಿಗೆ ತರಕಾರಿ ಹೊತ್ತು ಕೊಡುವುದು, ಕಾರು ತೊಳೆಯುವುದು, ಲಿಫ್ಟು ಕೆಟ್ಟರೆ ಬೈಸಿಕೊಳ್ಳುವುದು, ಎಲ್ಲವೂ ಅವನದೇ. ಬಾಗಿಲಲ್ಲಿ ಅವನ ಮಾತು ಶಹರದ್ದು, ಕೋಣೆಯೊಳಗೆ ಕಾಲಿಟ್ಟರೆ ದಕ್ಷಿಣ ಈಜಿಪ್ಟಿನ ಸೋಹಾಗ್ ಕಡೆಯ ಹಳ್ಳಿಯದು. ಎರಡನ್ನೂ ಒಂದಕ್ಕೊಂದು ತಾಗದಂತೆ ಇಟ್ಟುಕೊಂಡಿದ್ದ, ಅದೇ ತನ್ನ ಬುದ್ಧಿವಂತಿಕೆ ಎಂದು ನಂಬಿದ್ದ.

ಅವನ ತಾಯಿ ಫರ್ಹಾನಾಗೆ ಆ ಬುದ್ಧಿವಂತಿಕೆ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳ ಕೆಳಗೆ ಊರಿನಿಂದ ಬಂದಿದ್ದಳು, ಮಣ್ಣಿನ ಹನ್ನೆರಡು ಬಿಲ್ಲೆಗಳನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು. ತಾರಸಿಯ ಮೇಲೆ ಆ ಬಿಲ್ಲೆಗಳಲ್ಲಿ ಹಿಟ್ಟಿನ ಉಂಡೆ ಇಟ್ಟು ಬಿಸಿಲಿಗೆ ಉಬ್ಬಿಸುತ್ತಿದ್ದಳು. ಅದು ಅವರ ಊರ ಕಡೆಯ ಬಿಸಿಲು ರೊಟ್ಟಿ. ತಾರಸಿಯಿಂದಲೇ ಬೀದಿಯ ಸೊಪ್ಪಿನವನೊಡನೆ ಚೌಕಾಸಿ ಮಾಡುತ್ತಿದ್ದಳು, ಆರು ಅಂತಸ್ತಿಗೂ ಕೇಳುವ ಹಾಗೆ, ಊರಿನ ಮಾತಿನಲ್ಲೇ. ಬಖೀತ್‌ಗೆ ನಾಚಿಕೆಯಾಗುತ್ತಿತ್ತು. ಸೊಪ್ಪಿನವನು ಮಾತ್ರ ಅವಳಿಗೆ ಒಂದು ಕಟ್ಟು ಹೆಚ್ಚೇ ಕೊಡುತ್ತಿದ್ದ.

ಹತ್ತನೆಯ ದಿನ ವಿಷಯ ತಿಳಿಯಿತು. ನಜಿಯ್ಯಾ ಮೂರನೆಯ ಅಂತಸ್ತಿನ ಮೆಟ್ಟಿಲು ಒರೆಸುತ್ತಿದ್ದಳು. ಮೇಲಿನ ಮನೆಯ ಡಾಕ್ಟರ ಮಗಳು ಲುಜೈನ್ ಶಾಲೆಯಿಂದ ಬಂದು, ಒದ್ದೆ ಮೆಟ್ಟಿಲು ದಾಟಲು ಕಾಯುತ್ತ ನಿಂತಿತು. ಇಕ್ರಾಮ್‌ಳ ತರಗತಿಯೇ ಅದೂ.

"ಇಕ್ರಾಮ್ ಅಮ್ಮಾ, ಇವತ್ತೂ ಮಿಸ್ ಅವಳನ್ನ ನಲ್ಲಿಗೆ ಕಳಿಸಿದ್ರು."

"ನಲ್ಲಿಗೆ ಯಾಕಮ್ಮಾ?" ನಜಿಯ್ಯಾ ಶಹರದ ಮಾತಿನಲ್ಲಿ ಕೇಳಿದಳು.

"ಬಾಯಿ ತೊಳ್ಕೊಂಡು ಬರೋಕೆ. ಅವಳು ನಿಮ್ಮೂರಿನ ಥರ ಮಾತಾಡ್ತಾಳಲ್ಲ, ಅದಕ್ಕೆ. ನಾಲಿಗೆಗೆ ಹೊಲದ ಕೆಸರು ಮೆತ್ಕೊಂಡಿದೆ, ತೊಳ್ಕೊಂಡು ಬಂದು ಮಾತಾಡು ಅಂತಾರೆ ನೆವೀನ್ ಮಿಸ್. ನಾವೆಲ್ಲ ಕಿಟಕಿಯಿಂದ ನೋಡ್ತೀವಿ. ಈಗ ಅವಳು ಮಾತೇ ಆಡಲ್ಲ, ಆದ್ರೂ ದಿನಾ ಕಳಿಸ್ತಾರೆ."

ಮಗು ಚಾಡಿ ಹೇಳುತ್ತಿರಲಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿತ್ತು. ನಜಿಯ್ಯಾ ಒರೆಸುವ ಬಟ್ಟೆಯನ್ನು ಹಿಂಡಿದಳು, ನೀರು ಮುಗಿದ ಮೇಲೂ ಹಿಂಡಿದಳು. ಆದರೂ ಉಳಿದ ಎರಡು ಅಂತಸ್ತು ಒರೆಸಿಯೇ ಇಳಿದಳು.

ಆ ಸಂಜೆ ಒಣಬೆಂಡೆಯ ಸಾರು. ಎಲ್ಲರ ರೊಟ್ಟಿ ಒಂದೇ ಬಟ್ಟಲಿಗೆ ಅದ್ದುತ್ತಿರುವಾಗ ನಜಿಯ್ಯಾ ವಿಷಯ ತೆಗೆದಳು. ಇಕ್ರಾಮ್‌ಳ ಕೈ ಬಟ್ಟಲಿನಲ್ಲೇ ನಿಂತಿತು.

"ಖರೇನ ಇದು?" ಬಖೀತ್ ಮಗಳನ್ನು ಕೇಳಿದ. ಅವಳು ರೊಟ್ಟಿ ನೋಡುತ್ತ ಕೂತಳು.

"ನಾಳೆ ಸಾಲಿಗೆ ಹೋಗಿ ಕೇಳ್ರಿ," ಅಂದಳು ನಜಿಯ್ಯಾ.

"ಯಾರನ್ನ ಕೇಳ್ಲಿ? ಆ ಮಿಸ್ ವಾರಕ್ಕೆ ಎರಡ ದಿನ ಡಾಕ್ಟರ್ ಮಗಳಿಗೆ ಪಾಠ ಹೇಳಾಕ ಮ್ಯಾಲ ಬರ್ತಾರ. ನಾನ ಲಿಫ್ಟ್ ಬಾಗ್ಲ ತಗೀತೀನಿ. ಡಾಕ್ಟರ್ ಅಂದ್ರ ಈ ಬಿಲ್ಡಿಂಗಿನ ಕಮಿಟಿ. ತಿಳೀತೇನ? ಹುಡುಗಿ ಎರಡ ತಿಂಗಳು ತಲಿ ತಗ್ಗಿಸ್ಕೊಂಡಿರಲಿ. ಶಹರದ ಮಾತು ತಾನ ಬರ್ತೈತಿ. ನನಗ ಬರಲಿಲ್ಲೇನ?"

"ನಾ ಸಾಲಿಗೆ ಹೋಗಂಗಿಲ್ಲ."

ಹತ್ತು ದಿನದ ಮೇಲೆ ಹೊರಟ ಧ್ವನಿ ಅದು, ಒಡೆದು ಹೋಗಿತ್ತು. ಎಲ್ಲರೂ ಇಕ್ರಾಮ್‌ಳನ್ನೇ ನೋಡಿದರು.

"ಅವ್ವನ ಜೊತಿ ಮೆಟ್ಲು ಒರಸ್ತೀನಿ. ಮೆಟ್ಲಿಗೆ ಮಾತು ಬೇಕಾಗಿಲ್ಲ."

"ಹಂಗ ಅನಬಾರದವಾ," ಅಂತ ಫರ್ಹಾನಾ ಮೊಮ್ಮಗಳ ಬೆನ್ನ ಮೇಲೆ ಕೈ ಇಟ್ಟಳು. ಹುಡುಗಿ ಕೈ ಕೊಡವಿದಳು.

"ನಿನ್ನಿಂದನ ಅಜ್ಜಿ. ನೀ ಬಂದ ಮ್ಯಾಲೆ ನನ್ನ ಬಾಯಾಗ ನಿನ್ನ ಮಾತು ಬರಾಕತ್ತೈತಿ. ಮೊದಲ ನಾ ಚಂದ ಮಾತಾಡ್ತಿದ್ದೆ."

ಬಖೀತ್ ಹೊಡೆಯಲು ಕೈ ಎತ್ತಿದ. ಫರ್ಹಾನಾ ಅವನ ಕೈ ಹಿಡಿದು ಕೆಳಗಿಳಿಸಿ, ಮೊಮ್ಮಗಳ ಮುಂದಿನ ರೊಟ್ಟಿಯನ್ನು ಮುರಿದು ಸಾರಿಗೆ ಅದ್ದಿ ಕೊಟ್ಟಳು. ಸುಮ್ಮನಿರುವುದು ಆ ಹೆಂಗಸಿಗೆ ಒಗ್ಗದ ಕೆಲಸ. ಅವತ್ತು ಮಾತ್ರ ಮಾಡಿದಳು.

ಇಕ್ರಾಮ್ ಮಾತಿಗೆ ತಪ್ಪಲಿಲ್ಲ. ಮಾರನೆಯ ದಿನದಿಂದ ಬಕೆಟ್ಟು ಹಿಡಿದಳು. ಚೆನ್ನಾಗಿಯೇ ಒರೆಸುತ್ತಿದ್ದಳು, ಮೂಲೆ ಬಿಡುತ್ತಿರಲಿಲ್ಲ. ಐದನೆಯ ಅಂತಸ್ತಿನಾಕೆ "ಎಷ್ಟು ಚುರುಕು ನಿಮ್ಮ ಹುಡುಗಿ, ಇನ್ನೊಂದು ಎರಡು ವರ್ಷಕ್ಕೆ ನಮ್ಮನೇಗೇ ಕಳಿಸಿ" ಅಂದಳು. ಒಳ್ಳೆಯ ಮಾತೆಂದೇ ಅಂದಿದ್ದು. ನಜಿಯ್ಯಾ ನಕ್ಕು ತಲೆಯಾಡಿಸಿ, ಕೋಣೆಗೆ ಬಂದು ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತಳು. ತನ್ನ ಬೆರಳುಗಳ ಹಾಗೆ ಮಗಳ ಬೆರಳುಗಳೂ ಸೋಪಿಗೆ ಬಿರುಕು ಬಿಡುವುದನ್ನು ನೋಡಲೆಂದು ಅವಳು ಈ ಶಹರಕ್ಕೆ ಬಂದಿರಲಿಲ್ಲ.

ಆರನೆಯ ದಿನ ಶಾಲೆಯಿಂದ ಕಾಗದ ಬಂತು. ಹದಿನೈದು ದಿನ ಸತತವಾಗಿ ಬರದಿದ್ದರೆ ಹೆಸರು ಹೊಡೆದುಹಾಕಲಾಗುವುದು. ಬಖೀತ್ ಎರಡು ಸಲ ಓದಿ ಮಡಚಿ ಜೇಬಿಗಿಟ್ಟ.

"ಏನ ಬರದಾರ?" ಫರ್ಹಾನಾ ಕೇಳಿದಳು. ಅವಳಿಗೆ ಓದು ಬಾರದು.

"ಇನ್ನ ಒಂಬತ್ತ ದಿನ ಐತಿ ಅಂತ."

"ಒಂಬತ್ತು ಭಾಳ ಆತು," ಅಂದಳು ಫರ್ಹಾನಾ. ಪೆಟ್ಟಿಗೆ ತೆಗೆದು ಸಾವಿಗೆ, ಮದುವೆಗೆ ಮಾತ್ರ ತೊಡುವ ಕರಿಯ ನಿಲುವಂಗಿಯನ್ನು ಹೊರಗೆ ತೆಗೆದಳು. "ನಜಿಯ್ಯಾ, ಟ್ರಾಮು ಎಲ್ಲಿ ಹತ್ತಬೇಕು ನನಗ ತಿಳಿಯಂಗಿಲ್ಲ. ನೀ ಬಾ."

"ಅವ್ವಾ, ಅಲ್ಲಿ ಹೋಗಿ ಜಗಳ ತಗೀಬ್ಯಾಡ," ಅಂದ ಬಖೀತ್.

"ಜಗಳಾ ಆಡಾಕ ಹೋದ್ರ ಇದನ್ನ ತೊಡತಿದ್ನೇನೋ ಹುಚ್ಚಾ?"

ಮುಖ್ಯೋಪಾಧ್ಯಾಯಿನಿ ಇಜ್ಲಾಲ್ ಮೇಡಂ ಕೆಟ್ಟವರಲ್ಲ. ಮೂರು ಫೈಲುಗಳ ನಡುವಿನಿಂದ ತಲೆ ಎತ್ತಿ "ಬನ್ನಿ ಹಜ್ಜಾ, ಕೂತ್ಕೊಳ್ಳಿ" ಎಂದು ಹಿರಿಯ ಹೆಂಗಸರನ್ನು ಕರೆಯುವ ಗೌರವದ ಮಾತಿನಲ್ಲೇ ಕರೆದರು. ಜವಾನ ಜಾದ್ ಗಾಜಿನ ಲೋಟಗಳಲ್ಲಿ ಚಹಾ ತಂದು ಅತ್ತೆ ಸೊಸೆಯರ ಮುಂದಿಟ್ಟ. ಫರ್ಹಾನಾ "ನಿನ್ನ ಕೈ ತಣ್ಣಗಿರಲಿ" ಎಂದು ಹರಸಿದಳು, ಲೋಟ ಮಾತ್ರ ಮುಟ್ಟಲಿಲ್ಲ. ಜಾದ್ ಬಾಗಿಲಲ್ಲಿ ಒಂದು ಗಳಿಗೆ ನಿಂತು ಹೊರಟ. ಅತ್ತೆ ಏನು ಮಾಡುತ್ತಿದ್ದಾಳೆಂದು ನಜಿಯ್ಯಾಳಿಗೆ ಆಗಲೇ ಗೊತ್ತಾಯಿತು. ತನ್ನ ಲೋಟವನ್ನೂ ಹಾಗೇ ಬಿಟ್ಟಳು.

ನೆವೀನ್ ಮಿಸ್ ಬಂದರು. ಇಪ್ಪತ್ತೆರಡು ವರ್ಷ ಸಮಾಜ ಪಾಠ ಹೇಳಿದವರು, ಇಸ್ತ್ರಿ ಕೆಡದ ಉಡುಪು, ಹೊತ್ತಿಗೆ ಸರಿಯಾಗಿ ನಡೆಯುವವರು. ವಿಷಯ ಕೇಳಿ ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ನಾನು ಅವಳ ಒಳ್ಳೇದಕ್ಕೇ ಮಾಡ್ತಿರೋದು ಹಜ್ಜಾ. ಈ ಮಾತು ಇಟ್ಕೊಂಡು ನಾಳೆ ಯಾವ ಕೆಲಸಕ್ಕೆ ಹೋಗ್ತಾಳೆ? ಬಾಗಿಲು ಕಾಯೋರ ಮಗಳು ಬಾಗಿಲಲ್ಲೇ ಇರ್ಲಿ ಅನ್ನೋದಾದ್ರೆ ಬೇರೆ ಮಾತು."

"ಓದು ಕಲಸವಾ, ಬ್ಯಾಡ ಅನ್ನಂಗಿಲ್ಲ. ಶಹರದ ಮಾತೂ ಕಲಸು. ನನ್ನ ಮಗ ಕಲ್ತಾನ, ಸೊಸಿ ಕಲ್ತಾಳ, ಏನೂ ಆಗಿಲ್ಲ. ಆದ್ರ ನೀ ಕಲಸಲಿಲ್ಲ, ತೊಳಿ ಅಂದಿ. ಆ ನಾಲಿಗಿ ಆಕೀಗೆ ನಾ ಕೊಟ್ಟೀನಿ. ನನಗ ನಮ್ಮವ್ವ ಕೊಟ್ಟಾಳ. ಹೊಲಸಿದ್ರ ನನ್ನ ಕರಿಸಿ ನನಗ ಹೇಳಬೇಕಿತ್ತು. ಹುಡುಗಿನ್ನ ಕಿಟಕ್ಯಾಗಿಂದ ನಲವತ್ತ ಮಂದಿ ನೋಡೂಹಂಗ ನಿಂದರಸಬಾರದಿತ್ತು."

"ಈಗ ನಾನೇನು ಮಾಡ್ಬೇಕು ಅಂತೀರಿ?"

"ಎಲ್ಲಿ ಅಂದಿಯೋ ಅಲ್ಲೆ, ಯಾರ ಮುಂದ ಅಂದಿಯೋ ಅವರ ಮುಂದ, ತಪ್ಪಾತು ಅನ್ನು. ನಾ ಚಹಾ ಕುಡೀತೀನಿ."

ನೆವೀನ್ ಮಿಸ್ ನಕ್ಕರು. "ಚಹಾ ನಿಮ್ಮಿಷ್ಟ ಹಜ್ಜಾ," ಎಂದು ತರಗತಿಗೆ ಹೊರಟರು. ಫರ್ಹಾನಾ ಇನ್ನೂ ಒಂದು ಗಂಟೆ ಕೂತು, ಎದ್ದು, ನಾಳೆ ಬರುತ್ತೇನೆಂದು ಹೇಳಿ ಬಂದಳು.

ಹೇಳಿದ ಹಾಗೆ ಮಾರನೆಯ ದಿನವೂ ಹೋದಳು, ಅದರ ಮಾರನೆಯ ದಿನವೂ. ಬೆಳಗ್ಗೆ ಹಿಟ್ಟು ನಾದಿ ಬಿಸಿಲಿಗಿಟ್ಟು, ಟ್ರಾಮು ಹತ್ತಿ, ಅದೇ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಯಾರನ್ನೂ ದೂರಲಿಲ್ಲ, ಕೂಗಾಡಲಿಲ್ಲ. ಬಂದು ಹೋಗುವ ಮಕ್ಕಳಿಗೆ ಒಳ್ಳೆಯದಾಗಲಿ ಅನ್ನುತ್ತಿದ್ದಳು. ಇಜ್ಲಾಲ್ ಮೇಡಂಗೆ ಅವಳು ಚಹಾ ಬಿಡುವುದೇ ದೊಡ್ಡ ತಲೆನೋವಾಯಿತು. ಅವಳು ಅಂದದ್ದನ್ನು ಬರೀ ಮಾತಿನ ವರಸೆಯೆಂದುಕೊಂಡು, ಮೊದಲು ಸಕ್ಕರೆ ಕಡಿಮೆಯಾಯಿತೇನೋ ಎಂದು ಹೆಚ್ಚು ಹಾಕಿಸಿದರು. ಮುಟ್ಟಲಿಲ್ಲ. ಸಕ್ಕರೆ ಕಾಯಿಲೆಯಿರಬಹುದೆಂದು ಸಪ್ಪೆ ಚಹಾ ತರಿಸಿದರು. ಮುಟ್ಟಲಿಲ್ಲ. ಸೋಂಪಿನ ಕಷಾಯ, ದಾಸವಾಳದ ಶರಬತ್ತು, ಕೊನೆಗೆ ತಮ್ಮ ಮನೆಯಿಂದ ಕಾಫಿ ಪುಡಿ. ಒಂದೊಂದೂ ಬಂತು, ತುಂಬಿದಂತೆಯೇ ಹೋಯಿತು.

"ಏನಪ್ಪಾ ಜಾದ್, ಈಕೆಗೆ ಏನು ಸೇರುತ್ತೆ?" ಅಂತ ಸೋತು ಕೇಳಿದರು.

ಜಾದ್ ಕೂಡ ದಕ್ಷಿಣದ ಕೆನಾ ಕಡೆಯವನು. ಇಪ್ಪತ್ತು ವರ್ಷದಿಂದ ಇಲ್ಲಿದ್ದಾನೆ. ಟ್ರೇ ಎದೆಗೆ ಹಿಡಿದು ಹೇಳಿದ:

"ಸೇರೋ ಮಾತಲ್ಲ ಮೇಡಂ. ನಮ್ಮ ಕಡೆ ನ್ಯಾಯ ಕೇಳೋಕೆ ಬಂದ ಹಿರಿಯರು ಮಾತು ಇತ್ಯರ್ಥ ಆಗೋ ತನಕ ಆ ಮನೆ ನೀರೂ ಮುಟ್ಟಲ್ಲ. ತುಂಬಿದ ಲೋಟ ಬಿಟ್ಟು ಎದ್ದು ಹೋದ್ರೆ ಆ ಮನೆ ಮರ್ಯಾದೆ ಹೋದ ಹಾಗೆ."

"ಇದು ಮನೆ ಅಲ್ಲಪ್ಪಾ, ಶಾಲೆ."

"ಲೋಟ ಇಟ್ಟಿದ್ದೀವಲ್ಲ ಮೇಡಂ."

ಜಾದ್ ನೆಲ ನೋಡುತ್ತ ಇನ್ನೊಂದು ಮಾತು ಸೇರಿಸಿದ. "ತಪ್ಪು ತಿಳೀಬೇಡಿ. ಇವರ ಲೋಟ ತುಂಬಿ ನಿಂತಿರುವಾಗ ಇನ್ನೊಬ್ಬರಿಗೆ ಚಹಾ ಇಡೋಕೆ ನನ್ನ ಕೈ ಬರಲ್ಲ. ಬೇರೆ ಏನು ಕೆಲಸ ಹೇಳಿದ್ರೂ ಮಾಡ್ತೀನಿ."

ಅಂದವನು ಕೆಟಲು ತೊಳೆದು ಬೋರಲು ಹಾಕಿದ. ಮೂವತ್ತೊಂದು ಜನ ಶಿಕ್ಷಕರಿದ್ದ ಶಾಲೆಗೆ ಚಹಾ ನಿಂತಿತು. ಮೊದಲ ದಿನ ನಕ್ಕರು. ಎರಡನೆಯ ದಿನ ಗಣಿತದ ಮೇಷ್ಟ್ರು ತಾನೇ ಮಾಡುತ್ತೇನೆಂದು ಹೋಗಿ ಕೆಟಲಿನ ತಳ ಸೀಯಿಸಿ ಬಂದರು. ಮೂರನೆಯ ದಿನ ತಲೆನೋವಿನಲ್ಲಿ ಒಬ್ಬರು "ಒಂದು ಮಾತು ಹೇಳಿಬಿಡಿ ನೆವೀನ್, ಏನು ಗಂಟು ಹೋಗುತ್ತೆ" ಅಂದರು. ಇನ್ನೊಬ್ಬರು ತಮ್ಮ ತಾಯಿಯೂ ದಕ್ಷಿಣದ ಅಸ್ಯೂತ್ ಕಡೆಯವರೆಂದು ಅಷ್ಟು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟರು. ನೆವೀನ್ ಮಿಸ್ ಮಾತ್ರ ಜಗ್ಗಲಿಲ್ಲ. ಮನೆಯಿಂದ ಫ್ಲಾಸ್ಕಿನಲ್ಲಿ ಚಹಾ ತಂದು ಒಬ್ಬರೇ ಕುಡಿದರು.

ದಿನವೂ ಮಧ್ಯಾಹ್ನ ನಜಿಯ್ಯಾ ಅತ್ತೆಯ ಜೊತೆ ಶಾಲೆಯಿಂದ ಬಂದು ಬಕೆಟ್ಟು ಕೈಗೆ ತೆಗೆದುಕೊಳ್ಳುವಾಗ ಇಕ್ರಾಮ್ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಕುಡದ್ಲೇನ?"

"ಇಲ್ಲವಾ."

ಮೊದಮೊದಲು ಅಷ್ಟೇ. ಆಮೇಲೆ ಮಾತು ಬೆಳೆಯಿತು. ಯಾವ ಕುರ್ಚಿ, ಯಾರು ಏನು ಅಂದರು, ಜಾದ್ ಕೆಟಲನ್ನು ಹೇಗೆ ಬೋರಲು ಹಾಕಿದ. ಗಣಿತದ ಮೇಷ್ಟ್ರ ಕಥೆಗೆ ಹುಡುಗಿ ಮೆಟ್ಟಿಲ ಮೇಲೆ ಕೂತು ನಕ್ಕುಬಿಟ್ಟಳು. ಆ ಸಂಜೆ ತಾರಸಿಗೆ ಹೋಗಿ, ಯಾರೂ ಹೇಳದೆ, ಅಜ್ಜಿಯ ಜೊತೆ ರೊಟ್ಟಿಯ ಬಿಲ್ಲೆಗಳನ್ನು ಬಿಸಿಲ ಕಡೆಗೆ ತಿರುಗಿಸಿಟ್ಟಳು.

ಕಷ್ಟ ಬಂದದ್ದು ಬಖೀತ್‌ಗೆ. ಇಕ್ರಾಮ್ ಶಾಲೆ ಬಿಟ್ಟ ಹನ್ನೊಂದನೆಯ ದಿನ ಡಾಕ್ಟರು ಕಾರಿನ ಬಳಿ ಅವನನ್ನು ನಿಲ್ಲಿಸಿ, "ನಿಮ್ಮ ತಾಯಿಗೆ ಸ್ವಲ್ಪ ತಿಳಿಹೇಳಪ್ಪಾ, ಇಲ್ಲಾಂದ್ರೆ ನಾವೂ ಬೇರೆ ಯೋಚನೆ ಮಾಡ್ಬೇಕಾಗುತ್ತೆ" ಅಂದಿದ್ದರು. ಬಖೀತ್ ಊಟಕ್ಕೆ ಕೂರದೆ ಸಿಡಿದ.

"ನಮ್ಮ ಹೊಟ್ಟೀ ಮ್ಯಾಲ ಹೊಡೀತಿ ನೀ. ಈ ಕೋಣಿ ಹೋದ್ರ ಎಲ್ಲಿ ಇರೂದು? ನಿನ್ನ ಹಟಕ್ಕ ನಾಲ್ಕ ಮಂದಿ ಬೀದ್ಯಾಗ ಬೀಳಬೇಕೇನ? ನಾ ಹದಿನಾಲ್ಕ ವರ್ಷ ಇಲ್ಲಿ ಬಾಳೇ ಮಾಡೀನಿ, ಒಬ್ಬರೂ ನನ್ನ ಮಾತಿಗೆ ನಕ್ಕಿಲ್ಲ."

"ನಕ್ಕಿಲ್ಲ, ಖರೆ," ಅಂದಳು ನಜಿಯ್ಯಾ. ಗಂಡನಿಗೆ ಎದುರು ಮಾತಾಡಿ ಅವಳಿಗೆ ರೂಢಿಯಿರಲಿಲ್ಲ. ಬಟ್ಟಲು ಕೆಳಗಿಟ್ಟು ಮಾತಾಡಿದಳು. "ಯಾಕಂದ್ರ ನಿಮ್ಮ ಮಾತು ಯಾರೂ ಕೇಳೇ ಇಲ್ಲ. ತರಕಾರಿ ತಂದೆ ಅಂತೀರಿ, ಲಿಫ್ಟು ಕೆಟ್ಟೈತಿ ಅಂತೀರಿ. ಹದಿನಾಲ್ಕ ವರ್ಷದಾಗ ಅದಕ್ಕಿಂತ ಹೆಚ್ಚಿಂದು ಒಂದ ಮಾತು ಈ ಬಿಲ್ಡಿಂಗಿನಾಗ ಆಡೀರೇನು ಹೇಳ್ರಿ. ನನ್ನ ಮಗಳೂ ಹಂಗ ಬಾಳೇ ಮಾಡ್ಲಿ ಅಂತೀರೇನ?"

ಬಖೀತ್ ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. ಇಕ್ರಾಮ್ ಸಾರಿನ ಬಟ್ಟಲನ್ನು ಅವನ ಕಡೆ ಸರಿಸಿದಳು. ಅವನು ಕೂತು ಉಂಡ.

ಮರುದಿನ ಬೆಳಗ್ಗೆ ಪ್ಯಾಂಟು ಗೂಟದಲ್ಲೇ ಇತ್ತು. ಬಖೀತ್ ಊರಿನ ನಿಲುವಂಗಿ ತೊಟ್ಟು, ಬಿಳಿಯ ಪೇಟ ಸುತ್ತಿ, ತಾಯಿಯ ಜೊತೆ ಟ್ರಾಮು ಹತ್ತಿದ. ಡಾಕ್ಟರ ಕಾರಿಗೆ ಅವತ್ತು ನೀರು ಬೀಳಲಿಲ್ಲ. ಕೆಲಸ ಹೋದರೆ ಹೋಯಿತು ಎಂದು ಅವನು ಅಂದುಕೊಂಡಿರಲಿಕ್ಕಿಲ್ಲ. ಹೆದರಿಕೊಂಡೇ ಹೊರಟಿದ್ದ. ಆದರೂ ಹೋಗಿ ತಾಯಿಯ ಪಕ್ಕ ಕೂತ. ಈ ಹದಿನಾಲ್ಕು ವರ್ಷದಲ್ಲಿ ನಜಿಯ್ಯಾ ತನ್ನ ಗಂಡನನ್ನು ಅಷ್ಟು ಮೆಚ್ಚಿದ ದಿನ ಇನ್ನೊಂದಿರಲಿಲ್ಲ.

ಹದಿನಾಲ್ಕನೆಯ ದಿನ ಬೆಳಗ್ಗೆ ಜಾದ್ ತಾನೇ ಕಟ್ಟಡದ ಬಾಗಿಲಿಗೆ ಬಂದ.

"ಮಿಸ್ ಒಪ್ಪ್ಯಾರ. ಮೇಡಂ ನಿನ್ನಿ ಎಲ್ಲರನ್ನೂ ಕುಂದರಿಸಿ ಮಾತಾಡಿದ್ರು. ಹುಡುಗಿನ್ನ ಕರ್ಕೊಂಡ ಬರ್ರಿ."

ಇಕ್ರಾಮ್ ಬಕೆಟ್ಟು ಬಿಡಲಿಲ್ಲ. "ಅಜ್ಜಿ ಹೋಗ್ಲಿ."

"ನನ್ನ ಹೆಸರು ಸಾಲಿ ಪಟ್ಟಿಯಾಗ ಇಲ್ಲವಾ," ಅಂದಳು ಫರ್ಹಾನಾ. "ನಾ ಬಾಗಲದಾಗ ನಿಂದರತೀನಿ. ನಾಚಿಕಿ ಆದ್ರ ಹೇಳು, ಹೊರಗ ನಿಂದರತೀನಿ."

ಹುಡುಗಿ ಅಜ್ಜಿಯ ಕರಿಯ ನಿಲುವಂಗಿಯ ಅಂಚು ನೋಡಿದಳು. ಎಂಟು ದಿನದ ಟ್ರಾಮಿನ ಧೂಳು ಅದರಲ್ಲಿತ್ತು.

"ಒಳಗ ನಿಂದರು," ಅಂದಳು.

ನಲವತ್ತೆರಡು ಮಕ್ಕಳ ತರಗತಿ ನೋಡುತ್ತ ಕೂತಿತ್ತು. ಇಕ್ರಾಮ್ ಕರಿಹಲಗೆಯ ಬಳಿ ನಿಂತಳು. ಬಾಗಿಲಲ್ಲಿ ಫರ್ಹಾನಾ, ನಜಿಯ್ಯಾ, ಬಖೀತ್, ಹಿಂದೆ ಇಜ್ಲಾಲ್ ಮೇಡಂ. ಜಾದ್ ಟ್ರೇ ಹಿಡಿದಿದ್ದ. ಒಂದೇ ಲೋಟ, ಮೇಲೆ ಹಬೆ.

ನೆವೀನ್ ಮಿಸ್ ಮೇಜಿನ ಅಂಚು ಹಿಡಿದುಕೊಂಡು ಮಾತಾಡಿದರು. ಅವರಿಗದು ಸುಲಭವಾಗಿರಲಿಲ್ಲವೆಂದು ನಜಿಯ್ಯಾಳಿಗೂ ಕಂಡಿತು. "ಇಕ್ರಾಮ್‌ನ ನಲ್ಲಿಗೆ ಕಳಿಸಿದ್ದು ನನ್ನ ತಪ್ಪು. ಅವಳ ನಾಲಿಗೆಯಲ್ಲಿ ಕೊಳೆ ಇಲ್ಲ." ನುಂಗಿ ನುಂಗಿ ಹೇಳಿದರು, ಆದರೆ ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದರು.

ಜಾದ್ ಟ್ರೇಯನ್ನು ಫರ್ಹಾನಾಳ ಮುಂದೆ ಹಿಡಿದ. ಅವಳು ಲೋಟ ಎತ್ತಿಕೊಂಡಳು. ತಾನು ಕುಡಿಯಲಿಲ್ಲ. ತರಗತಿಯೊಳಕ್ಕೆ ನಡೆದು ಮೊಮ್ಮಗಳ ಕೈಗೆ ಕೊಟ್ಟಳು.

"ಮಾತು ಬಿದ್ದದ್ದು ನಿನ್ನ ಮ್ಯಾಲೆ. ಸಾಕಾತೋ ಇಲ್ಲೋ ನೀನ ನೋಡು."

ಇಕ್ರಾಮ್ ಲೋಟ ಹಿಡಿದುಕೊಂಡೇ ನಿಂತಳು. ಬಿಸಿಗೆ ಬೆರಳು ಬದಲಿಸಿದಳು. ಇಲ್ಲಿಗೆ ಮುಗಿಯಲಿ ದೇವರೇ ಎಂದು ನಜಿಯ್ಯಾ ಮನಸ್ಸಿನಲ್ಲೇ ಬೇಡಿಕೊಂಡಳು.

"ಮಿಸ್, ಒಂದ ಮಾತು ಕೇಳ್ಲ್ಯಾ?"

ಅಜ್ಜಿಯ ಮಾತು, ಅಜ್ಜಿಯ ಧಾಟಿ, ಮುಚ್ಚುಮರೆಯಿಲ್ಲದೆ. ಯಾರೂ ನಗಲಿಲ್ಲ.

"ಕೇಳು."

"ನನ್ನ ನಲ್ಲಿಗೆ ಕಳಿಸಿದ ಮೊದಲನೇ ದಿನ ನೀವು ಕೇಳಿದ್ರಿ, ಅಣೆಕಟ್ಟು ಕಟ್ಟಿದ ಮ್ಯಾಲೆ ನೈಲ್ ದಂಡಿ ಹೊಲಗಳು ಏನ ಕಳಕೊಂಡ್ವು ಅಂತ. ನಾ ಎದ್ದು, ನೆರೆ ಬಂದಾಗ ಹೊಳಿ ತಂದು ಹಾಕ್ತಿದ್ದ ಕರಿ ಮಣ್ಣು ಅಂದೆ. ನೀವು ಬಾಯಿ ತೊಳಕೊಂಡ ಬಾ ಅಂದ್ರಿ. ಉತ್ತರ ಸರಿ ಇತ್ತೋ ತಪ್ಪಿತ್ತೋ ಹೇಳ್ಲಿಲ್ಲ."

ನೆವೀನ್ ಮಿಸ್ ಅವಳನ್ನೇ ನೋಡಿದರು. ಇಷ್ಟು ದಿನ ಆ ಹುಡುಗಿಯ ಬಾಯಿಯಿಂದ ಬಂದದ್ದನ್ನು ಅವರು ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದರು.

"ಸರಿ ಇತ್ತು," ಅಂದರು. ಅವರ ಧ್ವನಿ ಸಣ್ಣದಾಗಿತ್ತು. "ಅವತ್ತು ಬೇರೆ ಯಾರಿಗೂ ಗೊತ್ತಿರಲಿಲ್ಲ."

"ಹಂಗಾದ್ರ ಅದರ ಮಾರ್ಕು ಹಾಕ್ರಿ."

ನೆವೀನ್ ಮಿಸ್ ಕುರ್ಚಿಯಲ್ಲಿ ಕೂತು, ಮಾರ್ಕಿನ ಪುಸ್ತಕ ತೆಗೆದು, ಇಕ್ರಾಮ್ ಬಖೀತ್ ಎಂಬ ಹೆಸರು ಹುಡುಕಿ, ಅದರ ಮುಂದೆ ಬರೆದರು. ಬರೆದದ್ದನ್ನು ತಿರುಗಿಸಿ ಅವಳಿಗೆ ತೋರಿಸಿದರು. ಹುಡುಗಿ ಬಗ್ಗಿ ನೋಡಿ, ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಚಹಾ ಕುಡಿದಳು, ನಿಂತೇ, ಪೂರ್ತಿ.